ಹೇಳೋರಿಲ್ಲ, ಕೇಳೋರಿದ್ದಾರೆ

(ತುಮಕೂರು ಜಿಲ್ಲೆಯ ಒಂದು ಪದವಿ ಕಾಲೇಜಿನಲ್ಲಿ ಕೊನೆಯ ವರ್ಷದ ವಿದ್ಯಾರ್ಥಿಗಳ ಮುಂದೆ ಆಡಿದ ಮಾತು. ಅಲ್ಲಿ ಅವಸರದಲ್ಲಿ ಬಿಟ್ಟುಹೋದ ಒಂದೆರಡು ಲೆಕ್ಕಗಳನ್ನು ಬರೆಯುವಾಗ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಪರಿಚಯ ಮಾಡಿಕೊಟ್ಟ ಸರ್ ನನ್ನನ್ನು ದೊಡ್ಡ ಸಾಧಕಿ ಅನ್ನುವ ಹಾಗೆ ಹೇಳಿಬಿಟ್ಟರು. ಅಷ್ಟೆಲ್ಲ ಇಲ್ಲ. ನಾನು ಬೆಂಗಳೂರಿನ ಒಂದು ಕಂಪನಿಯಲ್ಲಿ ಸಂಬಳದ ಲೆಕ್ಕ ಮಾಡುತ್ತೇನೆ. 18 ವರ್ಷದಿಂದ ಇದೇ ಕೆಲಸ. ತಿಂಗಳ ಕೊನೆಯಲ್ಲಿ ಎಲ್ಲರಿಗೂ ನನ್ನ ನೆನಪಾಗುತ್ತದೆ, ಐದನೇ ತಾರೀಖಿನ ಹೊತ್ತಿಗೆ ಮರೆತುಹೋಗುತ್ತದೆ.

ಆದರೆ ಒಂದು ವಿಷಯ. ಹೊಸದಾಗಿ ಸೇರುವ ಪ್ರತಿಯೊಬ್ಬರ ಕಾಗದಪತ್ರವೂ ನನ್ನ ಟೇಬಲ್ ದಾಟಿಯೇ ಹೋಗಬೇಕು. ಕೆಲಸ ಬಿಡುವವರ ಲೆಕ್ಕವನ್ನೂ ನಾನೇ ಮುಗಿಸಬೇಕು. ಹಾಗಾಗಿ ನಿಮ್ಮಂಥವರು ಒಳಗೆ ಬರುವಾಗಿನ ಮುಖವನ್ನೂ ನೋಡಿದ್ದೇನೆ, ಮೊದಲ ಸಂಬಳದ ದಿನದ ಮುಖವನ್ನೂ ನೋಡಿದ್ದೇನೆ. ಎರಡಕ್ಕೂ ಬಹಳ ವ್ಯತ್ಯಾಸ ಇರುತ್ತದೆ. ಆ ವ್ಯತ್ಯಾಸದ ಬಗ್ಗೆಯೇ ಇವತ್ತು ಮಾತಾಡೋಣ ಅಂತ ಬಂದಿದ್ದೇನೆ.

ನಮ್ಮ ಕಡೆ ಯಾವನಾದರೂ ಹುಡುಗ ಹಾದಿ ತಪ್ಪಿದರೆ ‘ಪಾಪ, ಅವನಿಗೆ ಹೇಳೋರು ಕೇಳೋರು ಯಾರೂ ಇಲ್ಲ’ ಅನ್ನುತ್ತಾರೆ. ಒಂದೇ ಉಸಿರಿಗೆ ಅಂದುಬಿಡುತ್ತೇವೆ. ಆದರೆ ಹೇಳೋರು ಬೇರೆ, ಕೇಳೋರು ಬೇರೆ, ಅಲ್ವಾ? ಕಾಲೇಜಿನಲ್ಲಿ ಹೇಳೋರು ತುಂಬಾ ಜನ. ಎಷ್ಟು ಗಂಟೆಗೆ ಯಾವ ಕ್ಲಾಸು ಅಂತ ಗೋಡೆ ಮೇಲೆ ಅಂಟಿಸಿರುತ್ತಾರೆ. ಯಾವ ಪಾಠದಿಂದ ಎಷ್ಟು ಮಾರ್ಕ್ಸಿಗೆ ಪ್ರಶ್ನೆ ಬರುತ್ತದೆ ಅಂತಲೂ ಹೇಳಿಕೊಡುತ್ತಾರೆ. ‘ಇದು ಇಂಪಾರ್ಟೆಂಟ್, ಅಂಡರ್‌ಲೈನ್ ಮಾಡ್ಕೊಳ್ಳಿ’ ಅಂತ ಲೆಕ್ಚರರ್ ಅಂದ ಕೂಡಲೇ ಹಿಂದಿನ ಬೆಂಚು ಕೂಡ ಎದ್ದು ಕೂರುತ್ತದೆ. ಕೇಳೋರು ಮಾತ್ರ ಕಡಿಮೆ. ಹಾಜರಿ ಕಮ್ಮಿಯಾದರೆ ಒಂದು ದಿನ ಎಚ್‌ಒಡಿ ಬಾಗಿಲಲ್ಲಿ ಮುಖ ಸಣ್ಣದು ಮಾಡಿಕೊಂಡು ನಿಂತರೆ ಹೇಗೋ ಆಗಿಬಿಡುತ್ತದೆ.

ಕೆಲಸಕ್ಕೆ ಸೇರಿದ ದಿನ ಇದು ತಿರುಗಿಬೀಳುತ್ತದೆ. ಹೇಳೋರಿಲ್ಲ, ಕೇಳೋರಿದ್ದಾರೆ. ಏನು ಮಾಡಬೇಕು, ಹೇಗೆ ಮಾಡಬೇಕು ಅಂತ ಯಾರೂ ಪಾಠ ಮಾಡಲ್ಲ. ಆದರೆ ಸಂಜೆ ಐದಕ್ಕೆ ‘ಆಯ್ತಾ?’ ಅಂತ ಕೇಳುತ್ತಾರೆ.

ನನ್ನದೇ ಕಥೆ ಹೇಳುತ್ತೇನೆ. 2004ರಲ್ಲಿ ಹೊನ್ನಾಳಿ ಕಡೆಯಿಂದ ಬಿಕಾಂ ಮುಗಿಸಿಕೊಂಡು ಬೆಂಗಳೂರಿಗೆ ಬಂದೆ. ಚಾಮರಾಜಪೇಟೆಯ ಒಂದು ಸಣ್ಣ ಆಡಿಟರ್ ಆಫೀಸಿನಲ್ಲಿ ಕೆಲಸ. ಮೊದಲ ದಿನ ಸೀನಿಯರ್ ಒಬ್ಬರು ಓಚರ್‌ಗಳ (ಖರ್ಚಿನ ಚೀಟಿಗಳ) ದೊಡ್ಡ ಕಟ್ಟೊಂದನ್ನು ನನ್ನ ಮುಂದೆ ಇಟ್ಟು ‘ಇದನ್ನ ಸ್ವಲ್ಪ ನೋಡಮ್ಮ’ ಅಂದು ಹೊರಗೆ ಹೋದರು. ನಾನು ನೋಡಿದೆ. ಒಂದೊಂದೇ ಓಚರ್ ತೆಗೆದು ಮೇಲಿಂದ ಕೆಳಗೆ ಓದಿದೆ. ಎರಡು ದಿನ ಓದಿದೆ. ಯಾವ ಅಂಗಡಿಯಲ್ಲಿ ಎಷ್ಟು ರೂಪಾಯಿ ಸಕ್ಕರೆ ತಂದರು ಅನ್ನುವುದೂ ಬಾಯಿಪಾಠ ಆಗಿತ್ತು. ಮೂರನೇ ದಿನ ಅವರು ಬಂದು ‘ಎಷ್ಟು ಆಯ್ತು?’ ಅಂದರು. ‘ಎಲ್ಲಾ ನೋಡಿದೆ ಸರ್’ ಅಂದೆ. ‘ಎಲ್ಲಿ ಟಿಕ್?’ ಅಂದರು.

ಅವರು ಹೇಳಿದ ‘ನೋಡು’ ಅಂದರೆ ಒಂದೊಂದು ಓಚರನ್ನೂ ಕ್ಯಾಷ್ ಪುಸ್ತಕದ ಜೊತೆ ತಾಳೆ ಹಾಕಿ, ಸರಿ ಇದ್ದಲ್ಲಿ ಟಿಕ್ ಮಾಡಿ, ತಪ್ಪಿದ್ದಲ್ಲಿ ಬರೆದಿಡು ಅಂತ. ಕ್ಯಾಷ್ ಪುಸ್ತಕ ಅಲ್ಲೇ ಕಪಾಟಿನಲ್ಲಿತ್ತು. ನನಗೆ ಗೊತ್ತಿರಲಿಲ್ಲ. ‘ನೋಡೋದು ಅಂದ್ರೆ ಏನು ಮಾಡ್ಬೇಕು ಸರ್?’ ಅಂತ ಒಂದು ಮಾತು ಕೇಳಿದ್ದರೆ ಎರಡು ದಿನ ಉಳಿಯುತ್ತಿತ್ತು. ಯಾಕೆ ಕೇಳಲಿಲ್ಲ? ದಡ್ಡಿ ಅಂದುಕೊಂಡಾರು ಅಂತ. ಎರಡು ದಿನ ಆದಮೇಲೆ ಅಂದುಕೊಂಡರಲ್ಲ, ಅದು ಇನ್ನೂ ಜಾಸ್ತಿ.

ಆಫೀಸಿನ ಮಾತುಗಳಿಗೆ ನಿಘಂಟು ಇಲ್ಲ. ‘ನೋಡಿ’ ಅಂದರೆ ಹತ್ತು ಅರ್ಥ. ‘ಆದಷ್ಟು ಬೇಗ’ ಅಂದರೆ ಕೆಲವರಿಗೆ ಇವತ್ತು ಮಧ್ಯಾಹ್ನ, ಕೆಲವರಿಗೆ ಮುಂದಿನ ವಾರ. ‘ನೋಡೋಣ’ ಅಂದರೆ ಬಹಳ ಸಲ ‘ಇಲ್ಲ’ ಅಂತ, ಇದಂತೂ ನಮ್ಮ ಮನೆಗಳಲ್ಲೇ ಕಲಿತ ಮಾತು. ಇಂಗ್ಲಿಷಿನಲ್ಲಿ ಹೇಳಿದರೆ ಸ್ಪಷ್ಟ ಇರುತ್ತದೆ ಅಂದುಕೊಳ್ಳಬೇಡಿ. ಅಲ್ಲೂ ಇದೇ ಹಣೆಬರಹ. ಅದಕ್ಕೆ ಕೆಲಸ ಕೊಟ್ಟ ತಕ್ಷಣ ಮೂರು ವಿಷಯ ಕೇಳಿಕೊಳ್ಳುವ ಅಭ್ಯಾಸ ಮಾಡಿಕೊಂಡೆ: ಮುಗಿದಾಗ ಇದು ಹೇಗೆ ಕಾಣಬೇಕು, ಯಾವಾಗ ಬೇಕು, ಹಿಂದೆ ಯಾರಾದರೂ ಮಾಡಿದ್ದರೆ ಅದನ್ನು ತೋರಿಸುತ್ತೀರಾ. ಕೊನೆಯದು ಎಲ್ಲಕ್ಕಿಂತ ಉಪಯೋಗ. ಹಳೇ ಫೈಲು ಕಲಿಸಿದಷ್ಟು ಯಾವ ತರಬೇತಿಯೂ ನನಗೆ ಕಲಿಸಿಲ್ಲ.

ಕೇಳುವುದಕ್ಕೂ ಒಂದು ರೀತಿ ಇದೆ. ಒಂದೇ ಪ್ರಶ್ನೆಯನ್ನು ಮೂರು ಸಲ ಕೇಳಿದರೆ ಎಂಥವರಿಗೂ ಸಿಟ್ಟು ಬರುತ್ತದೆ. ಒಂದು ಸಣ್ಣ ಪುಸ್ತಕ ಇಟ್ಟುಕೊಂಡು ಬರೆದುಕೊಳ್ಳಿ. ಫೋನಿನಲ್ಲಿ ಬೇಡ, ಎದುರಿಗಿರುವವರಿಗೆ ನೀವು ವಾಟ್ಸಾಪ್ ನೋಡುತ್ತಿದ್ದೀರಿ ಅನ್ನಿಸುತ್ತದೆ.

ಇಂಗ್ಲಿಷ್ ವಿಷಯ ಬಂತು. ನಿಮ್ಮಲ್ಲಿ ಅರ್ಧ ಜನ ಅದನ್ನೇ ಯೋಚಿಸುತ್ತಿದ್ದೀರಿ, ನನಗೆ ಗೊತ್ತು. ನಾನೂ ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಮ್ಮೇ. ಇಂಗ್ಲಿಷ್ ಬೇಡ ಅಂತ ಸುಳ್ಳು ಹೇಳಲ್ಲ, ಬೇಕು. ಆದರೆ ನಾನು ನೋಡಿದ ಹಾಗೆ ಹಳ್ಳಿ ಕಡೆಯ ಮಕ್ಕಳು ಹಿಂದೆ ಬೀಳುವುದು ತಪ್ಪು ಇಂಗ್ಲಿಷಿನಿಂದ ಅಲ್ಲ. ತಪ್ಪಾದೀತು ಅಂತ ಬಾಯಿ ಮುಚ್ಚಿಕೊಂಡು ಕೂರುವುದರಿಂದ. ಮೀಟಿಂಗಿನಲ್ಲಿ ಅರ್ಥ ಆಗದಿದ್ದರೆ ಮುಗಿದ ಮೇಲೆ ಪಕ್ಕದವರನ್ನು ಕನ್ನಡದಲ್ಲೇ ಕೇಳಿ. ತಮಿಳಿನವರೋ ತೆಲುಗಿನವರೋ ಆದರೆ ಬಂದಷ್ಟು ಇಂಗ್ಲಿಷಿನಲ್ಲಿ ಕೇಳಿ, ಅವರ ಇಂಗ್ಲಿಷೂ ಅಷ್ಟಕ್ಕಷ್ಟೇ ಇರುತ್ತದೆ.

ಈಗ ದುಡ್ಡಿನ ವಿಷಯ. ನನ್ನ ಅನ್ನದ ವಿಷಯ, ಹಾಗಾಗಿ ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ. ನಿದ್ದೆ ಬರುವವರು ಈಗ ಮಾಡಬೇಡಿ, ಆಮೇಲೆ ಮಾಡಿ.

ಆಫರ್ ಲೆಟರಿನಲ್ಲಿ ‘ಸಿಟಿಸಿ 3,60,000’ ಅಂತ ಇರುತ್ತದೆ. ಹುಡುಗ ಮನೆಗೆ ಫೋನ್ ಮಾಡಿ ‘ಅಮ್ಮಾ, ತಿಂಗಳಿಗೆ 30,000’ ಅನ್ನುತ್ತಾನೆ. ಅಮ್ಮ ಪಕ್ಕದ ಮನೆಗೆ ಹೇಳುತ್ತಾಳೆ. ಸಂಜೆಗೆ ಊರಿಗೆಲ್ಲ ಗೊತ್ತಾಗುತ್ತದೆ. ತಿಂಗಳ ಕೊನೆಗೆ ಖಾತೆಗೆ 22,679 ಬಂದು ಬೀಳುತ್ತದೆ. ಮರುದಿನ ಹುಡುಗ ನನ್ನ ಟೇಬಲ್ ಮುಂದೆ.

ಸಿಟಿಸಿ ಅಂದರೆ ನಿಮ್ಮ ಸಂಬಳ ಅಲ್ಲ. ನಿಮ್ಮಿಂದ ಕಂಪನಿಗೆ ವರ್ಷಕ್ಕೆ ಎಷ್ಟು ಖರ್ಚು ಅನ್ನುವ ಲೆಕ್ಕ. ಈ 3,60,000ವನ್ನೇ ಬಿಡಿಸೋಣ. ಮೂಲ ವೇತನ ತಿಂಗಳಿಗೆ 15,000 ಅಂತ ಇಟ್ಟುಕೊಳ್ಳಿ. ಅದರ ಶೇ. 12 ಅಂದರೆ 1,800 ರೂಪಾಯಿ ಕಂಪನಿ ನಿಮ್ಮ ಹೆಸರಿನಲ್ಲಿ ಭವಿಷ್ಯ ನಿಧಿ, ಅಂದರೆ ಪಿಎಫ್‌ಗೆ ಕಟ್ಟುತ್ತದೆ. ವರ್ಷಕ್ಕೆ 21,600. ಅದು ಸಿಟಿಸಿ ಒಳಗೇ ಇದೆ. ಗ್ರಾಚ್ಯುಟಿ ಅಂತ ಇನ್ನೊಂದು, ಕೆಲಸ ಬಿಡುವಾಗ ಕಂಪನಿ ಒಟ್ಟಿಗೆ ಕೊಡುವ ದುಡ್ಡು. ವರ್ಷಕ್ಕೆ 15 ದಿನದ ಮೂಲ ವೇತನ, ತಿಂಗಳಿಗೆ 26 ದಿನದ ಲೆಕ್ಕ. ಸುಮಾರು 8,650. ಸಾಮಾನ್ಯವಾಗಿ ಐದು ವರ್ಷ ಅಲ್ಲೇ ದುಡಿದರೆ ಮಾತ್ರ ಕೈಗೆ ಸಿಗುವ ದುಡ್ಡು. ಆದರೂ ಮೊದಲ ವರ್ಷದಿಂದಲೇ ನಿಮ್ಮ ಲೆಕ್ಕದಲ್ಲಿ ತೋರಿಸಿರುತ್ತಾರೆ. ಆರೋಗ್ಯ ವಿಮೆಯ ಕಂತು ಒಂದು 6,000 ಇಟ್ಟುಕೊಳ್ಳಿ. ಕೊನೆಗೆ ‘ವೇರಿಯಬಲ್ ಪೇ’ ಅಂತ 30,000. ಅದು ವರ್ಷದ ಕೊನೆಗೆ, ಕಂಪನಿಯ ಲಾಭ, ನಿಮ್ಮ ಕೆಲಸ, ಮೇಲಿನವರ ಮನಸ್ಸು ಎಲ್ಲ ನೋಡಿಕೊಂಡು ಬರಬಹುದು, ಬರದೆಯೂ ಇರಬಹುದು. ಇವೆಲ್ಲ ಕಳೆದರೆ ತಿಂಗಳಿಗೆ ಉಳಿಯುವುದು 24,479. ಅದರಿಂದ ಪಿಎಫ್‌ಗೆ ನಿಮ್ಮ ಪಾಲಿನ 1,800 ಹೋಗುತ್ತದೆ. ಉಳಿದದ್ದು 22,679.

ಇದರಲ್ಲಿ ಮೋಸ ಏನಿಲ್ಲ. ಎಲ್ಲ ಆ ಲೆಟರಿನ ಎರಡನೇ ಪುಟದಲ್ಲಿ ಇರುತ್ತದೆ. ಎರಡನೇ ಪುಟ ಯಾರೂ ಓದಲ್ಲ ಅಷ್ಟೇ. ಸೇರುವ ಮೊದಲೇ ಎಚ್‌ಆರ್‌ನವರಿಗೆ ‘ತಿಂಗಳಿಗೆ ಕೈಗೆ ಎಷ್ಟು ಬರುತ್ತೆ?’ ಅಂತ ನೇರವಾಗಿ ಕೇಳಿ. ಇದು ದುರಾಸೆಯ ಪ್ರಶ್ನೆ ಅಲ್ಲ. ಅವರಿಗೆ ದಿನಾ ಕೇಳಿ ಅಭ್ಯಾಸ ಇದೆ. ಮನೆಗೆ ಹೇಳುವಾಗಲೂ ಆ ಅಂಕಿಯನ್ನೇ ಹೇಳಿ. 30,000 ಅಂತ ಹೇಳಿ, ಆಮೇಲೆ ತಂಗಿಯ ಫೀಸು ಕಟ್ಟಲು ಆಗದೆ, ‘ದುಡ್ಡು ಎಲ್ಲಿ ಹಾಳು ಮಾಡ್ತಿದಾನೋ’ ಅನ್ನಿಸಿಕೊಂಡ ಹುಡುಗರನ್ನು ನೋಡಿದ್ದೇನೆ. ಸುಮ್ನೆ ಕೆಟ್ಟ ಹೆಸರು.

ಸಂಬಳ 25,000 ಮುಟ್ಟಿದರೆ ವೃತ್ತಿ ತೆರಿಗೆ ಅಂತ ರಾಜ್ಯ ಸರ್ಕಾರಕ್ಕೆ ತಿಂಗಳಿಗೆ 200 ರೂಪಾಯಿ. 2025ರ ಏಪ್ರಿಲ್‌ನಿಂದ ಇದಕ್ಕೆ ಒಂದು ಸಣ್ಣ ತಿದ್ದುಪಡಿ ಆಯಿತು. ಫೆಬ್ರವರಿ ತಿಂಗಳಲ್ಲಿ ಮಾತ್ರ 300. ಯಾಕೆ ಗೊತ್ತಾ? ಈ ತೆರಿಗೆ ವರ್ಷಕ್ಕೆ 2,500 ದಾಟಬಾರದು ಅಂತ ಸಂವಿಧಾನದಲ್ಲೇ ಇದೆ. 200ರಂತೆ ಹನ್ನೆರಡು ತಿಂಗಳಿಗೆ 2,400 ಆಗುತ್ತದೆ. ಉಳಿದ ನೂರನ್ನು ಫೆಬ್ರವರಿಗೆ ಸೇರಿಸಿಕೊಂಡರು. ಆ ನೂರು ರೂಪಾಯಿಗೆ ನನಗೆ ಬಂದಷ್ಟು ಫೋನು ಬೇರೆ ಯಾವುದಕ್ಕೂ ಬಂದಿಲ್ಲ. ವೇರಿಯಬಲ್ ಪೇ ಬರದಿದ್ದಾಗ ಸುಮ್ಮನಿದ್ದವರು ನೂರು ರೂಪಾಯಿಗೆ ಜಗಳಕ್ಕೆ ಬಂದರು.

ಸಂಬಳ 21,000ದ ಒಳಗಿದ್ದು, ಕಂಪನಿ ಇಎಸ್‌ಐ ಅನ್ನುವ ಸರ್ಕಾರಿ ಆರೋಗ್ಯ ವಿಮೆಯ ಕಾನೂನಿನೊಳಗೆ ಬಂದರೆ, ಅದಕ್ಕೆ ಶೇ. 0.75 ಕಡಿತ ಆಗುತ್ತದೆ. 20,000ಕ್ಕೆ 150 ರೂಪಾಯಿ. ‘ನನಗೇನೂ ಕಾಯಿಲೆ ಇಲ್ಲ ಮೇಡಂ, ಕಟ್ ಮಾಡಬೇಡಿ’ ಅನ್ನುತ್ತಾರೆ. ನಿಮಗಿಲ್ಲದಿರಬಹುದು. ನಿಮ್ಮನ್ನೇ ನೆಚ್ಚಿಕೊಂಡಿರುವ ಅಪ್ಪ ಅಮ್ಮನಿಗೂ ಅದರಲ್ಲಿ ಚಿಕಿತ್ಸೆ ಸಿಗುತ್ತದೆ. ಮನೆಯವರ ಹೆಸರು ಸೇರಿಸುವ ಫಾರಂ ಕೊಟ್ಟಾಗ ‘ಆಮೇಲೆ ತುಂಬ್ತೀನಿ’ ಅಂತ ಚೀಲಕ್ಕೆ ಹಾಕಿಕೊಂಡವರು ಆಸ್ಪತ್ರೆಯ ಬಾಗಿಲಲ್ಲಿ ನಿಂತು ನನಗೆ ಫೋನ್ ಮಾಡಿದ್ದಾರೆ.

ಇನ್ನು ಹೆಸರಿನ ಗೋಳು. ಇದು ನಮ್ಮ ಕನ್ನಡದವರಿಗೇ ಮೀಸಲಾದ ಕಷ್ಟ ಅನ್ನಿಸುತ್ತದೆ. ತಮಿಳರಿಗೂ ಸ್ವಲ್ಪ ಇದೆ. ಒಂದು ಕಲ್ಪಿತ ಹೆಸರು ತಗೊಳ್ಳಿ: ಎಚ್.ಎಂ. ಬಸವರಾಜ. ಎಚ್ ಊರಿನದು, ಎಂ ಅಪ್ಪನದು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಬಸವರಾಜ ಎಚ್ ಎಂ’. ಆಧಾರ್ ಮಾಡಿಸುವ ದಿನ ಕಂಪ್ಯೂಟರ್ ಹುಡುಗ ‘ಬಸವರಾಜ್’ ಅಂತ ಹೊಡೆದು ಮುಗಿಸಿದ. ಪ್ಯಾನ್ ಕಾರ್ಡಿಗೆ ಇನಿಷಿಯಲ್ ನಡೆಯಲ್ಲ, ಬಿಡಿಸಿ ಬರೆಯಬೇಕು. ಅಲ್ಲಿ ‘ಬಸವರಾಜ ಹೊನ್ನಾಳಿ ಮಲ್ಲಪ್ಪ’ ಆದ. ಬ್ಯಾಂಕಿನಲ್ಲಿ ಮ್ಯಾನೇಜರ್ ಪ್ರೀತಿಯಿಂದ ‘ಬಸವರಾಜು’ ಅಂತ ಬರೆದುಕೊಂಡರು. ಊರಿನಲ್ಲಿ ಎಲ್ಲರಿಗೂ ಇವನೊಬ್ಬನೇ ಬಸಣ್ಣ. ಕಂಪ್ಯೂಟರಿಗೆ ಮಾತ್ರ ನಾಲ್ಕು ಜನ.

ಪಿಎಫ್‌ಗೆ ಯುಎಎನ್ ಅಂತ 12 ಅಂಕಿಯ ಒಂದು ನಂಬರ್ ಕೊಡುತ್ತಾರೆ. ಅದು ಆಧಾರ್ ಜೊತೆ ತಾಳೆ ಆಗಬೇಕು. ಆಗದಿದ್ದರೆ ನಿಮ್ಮ ದುಡ್ಡು ನಿಮ್ಮದು ಅಂತ ಒಪ್ಪಿಸುವುದಕ್ಕೇ ತಿಂಗಳುಗಟ್ಟಲೆ ಓಡಾಡಬೇಕು. ಆದ್ದರಿಂದ ಇವತ್ತು ಮನೆಗೆ ಹೋದ ಮೇಲೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಪ್ಯಾನ್, ಪಾಸ್‌ಬುಕ್ ನಾಲ್ಕನ್ನೂ ಚಾಪೆ ಮೇಲೆ ಸಾಲಾಗಿ ಇಟ್ಟು ಓದಿ. ಇಂಗ್ಲಿಷ್ ಕಾಗುಣಿತದಲ್ಲಿ ಒಂದಕ್ಷರ ಆಚೀಚೆ ಇದ್ದರೂ ಗುರುತು ಮಾಡಿ. ಹುಟ್ಟಿದ ತಾರೀಖನ್ನೂ ನೋಡಿ. ಎಸ್ಸೆಸ್ಸೆಲ್ಸಿಯಲ್ಲಿ ಇದ್ದ ಹಾಗೆ ಉಳಿದವನ್ನು ತಿದ್ದಿಸುವುದು ಸುಲಭ. ಅಂಕಪಟ್ಟಿಯನ್ನೇ ತಿದ್ದಿಸಲು ಹೊರಟರೆ ಹೈಸ್ಕೂಲಿನಿಂದ ಬೋರ್ಡಿನವರೆಗೆ ಅಲೆಯಬೇಕು. ಈಗ ನಿಮಗೆ ಟೈಮ್ ಇದೆ. ಕೆಲಸಕ್ಕೆ ಸೇರಿದ ಮೇಲೆ ಆಧಾರ್ ಕೇಂದ್ರದ ಸಾಲಿನಲ್ಲಿ ನಿಲ್ಲಲು ರಜೆ ಹಾಕಬೇಕಾಗುತ್ತದೆ.

ಇನ್ನೊಂದು ಮಾತು. ನಿಮ್ಮಲ್ಲಿ ಕೆಲವರು ರಜೆಯಲ್ಲಿ ಗೋಡೌನಿನಲ್ಲೋ ಕಾಲ್ ಸೆಂಟರಿನಲ್ಲೋ ಎರಡು ಮೂರು ತಿಂಗಳು ದುಡಿದಿರುತ್ತೀರಿ. ಅಲ್ಲಿ ಪಿಎಫ್ ಕಟ್ಟಿದ್ದರೆ ಯುಎಎನ್ ಆಗಲೇ ಇರುತ್ತದೆ. ಹೊಸ ಕಡೆ ಅದನ್ನು ಹೇಳಿ. ಒಬ್ಬರಿಗೆ ಜೀವನಪೂರ್ತಿ ಒಂದೇ ನಂಬರ್ ಇರಬೇಕು. ಅದನ್ನು ಕೇಳಿದರೆ ‘ಅದೇನು ದೊಡ್ಡ ಕೆಲಸವಾ ಮೇಡಂ, ಹೇಳೋಕೆ ನಾಚಿಕೆ ಆಯ್ತು’ ಅಂದ ಹುಡುಗನೊಬ್ಬ. ಬಿಸಿಲಲ್ಲಿ ಮೂಟೆ ಎಣಿಸಿ ದುಡಿದದ್ದರಲ್ಲಿ ನಾಚಿಕೆ ಏನು? ಅವನ ಆ ಮೂರು ತಿಂಗಳ ದುಡ್ಡು ಬೇರೆ ನಂಬರಿನಲ್ಲಿ ಬಹಳ ದಿನ ಸಿಕ್ಕಿಹಾಕಿಕೊಂಡಿತ್ತು.

ಮೊದಲ ಸಂಬಳ ಯಾವಾಗ ಬರುತ್ತದೆ ಅನ್ನುವುದನ್ನೂ ಕೇಳಬೇಕು. ಬಹಳ ಕಡೆ ತಿಂಗಳ 20 ಅಥವಾ 25ಕ್ಕೆ ಲೆಕ್ಕ ಮುಚ್ಚುತ್ತೇವೆ. ನೀವು 26ಕ್ಕೆ ಸೇರಿದರೆ ಆ ತಿಂಗಳು ಏನೂ ಇಲ್ಲ. ಮುಂದಿನ ತಿಂಗಳ ಕೊನೆಗೇ ಒಟ್ಟಿಗೆ ಬರುತ್ತದೆ. ಅಲ್ಲಿಯವರೆಗೆ ಪಿಜಿ ಬಾಡಿಗೆ, ಅದರ ಅಡ್ವಾನ್ಸ್, ಬಸ್ಸು, ಊಟ. ಬೆಂಗಳೂರಿನಲ್ಲಿ ಕೆಲಸಕ್ಕೆ ಬರುವಾಗ ಎರಡು ತಿಂಗಳ ಖರ್ಚು ಕೈಯಲ್ಲಿ ಇಟ್ಟುಕೊಂಡೇ ಬನ್ನಿ. ಮನೆಯಲ್ಲಿ ಕೇಳಲು ಸಂಕೋಚ ಆಗಬಹುದು. ಆದರೆ ಫೋನಿನ ಸಾಲದ ಆಪ್‌ನಲ್ಲಿ ತಗೊಂಡು, ಮೊದಲ ಸಂಬಳ ಬರುವ ಮೊದಲೇ ಸಾಲಗಾರರಾಗುವುದಕ್ಕಿಂತ ಅಪ್ಪನ ಹತ್ತಿರ ಕೇಳುವುದು ಎಷ್ಟೋ ವಾಸಿ.

ಪಿಜಿಯಲ್ಲೂ ಅಷ್ಟೇ. ಸಾಮಾನು ಒಳಗಿಡುವ ಮೊದಲು ಕೇಳಿ. ಬಿಡುವಾಗ ಅಡ್ವಾನ್ಸ್‌ನಲ್ಲಿ ಎಷ್ಟು ಮುರಿದುಕೊಳ್ಳುತ್ತೀರಿ? ಎಷ್ಟು ದಿನ ಮೊದಲು ಹೇಳಬೇಕು? ಮೇಂಟೆನೆನ್ಸ್ ಅಂತ ಒಂದು ಹೆಸರಿನಲ್ಲಿ ಸುಣ್ಣ ಬಣ್ಣದ ಖರ್ಚೆಲ್ಲ ನಿಮ್ಮ ತಲೆಗೆ ಕಟ್ಟುತ್ತಾರೆ. ಮಾತಿನಲ್ಲಿ ಹೇಳಿದ್ದನ್ನು ವಾಟ್ಸಾಪ್‌ನಲ್ಲಿ ಒಂದು ಸಾಲು ಬರೆಸಿಕೊಳ್ಳಿ, ಸಾಕು. ಮನೆ ಅಥವಾ ಪಿಜಿ ಹುಡುಕುವಾಗ ಬಾಡಿಗೆಗಿಂತ ಮೊದಲು ದಾರಿ ನೋಡಿ. ವೈಟ್‌ಫೀಲ್ಡಿನ ಕೆಲಸಕ್ಕೆ ನೇರಳೆ ಮೆಟ್ರೊ ದಾರಿಯಲ್ಲಿ ಎಲ್ಲಿದ್ದರೂ ನಡೆಯುತ್ತದೆ. ಎಲೆಕ್ಟ್ರಾನಿಕ್ ಸಿಟಿ ಕಡೆಗೆ 2025ರ ಆಗಸ್ಟ್‌ನಿಂದ ಹಳದಿ ದಾರಿ ಓಡುತ್ತಿದೆ, ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ. ಬಾಡಿಗೆಯಲ್ಲಿ ಸಾವಿರ ಉಳಿಸಲು ಹೋಗಿ ದಿನಕ್ಕೆ ಮೂರು ಗಂಟೆ ರಸ್ತೆಯಲ್ಲಿ ಕಳೆಯುವವರು ಆರು ತಿಂಗಳಲ್ಲಿ ಬಾಡಿಹೋಗುತ್ತಾರೆ.

ಬಾಂಡ್, ಅಂದರೆ ಇಷ್ಟು ದಿನ ಕೆಲಸ ಬಿಡಲ್ಲ, ಬಿಟ್ಟರೆ ದುಡ್ಡು ಕಟ್ಟುತ್ತೇನೆ ಅಂತ ಬರೆದುಕೊಡುವ ಕಾಗದದ ಬಗ್ಗೆ ಒಬ್ಬ ಹುಡುಗ ಆಗಲೇ ಬಾಗಿಲಲ್ಲಿ ಕೇಳಿದ. ‘ಬಾಂಡ್‌ಗೆ ಕಾನೂನಿನಲ್ಲಿ ಬೆಲೆ ಇಲ್ಲವಂತೆ, ಸುಮ್ನೆ ಸೈನ್ ಮಾಡಬಹುದಂತೆ, ಹೌದಾ ಮೇಡಂ?’ ಈ ‘ಅಂತೆ’ಯನ್ನು ನಂಬಬೇಡಿ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ವಿಜಯಾ ಬ್ಯಾಂಕ್ ಪ್ರಕರಣದಲ್ಲಿ ಒಂದು ತೀರ್ಪು ಕೊಟ್ಟಿತು. ಮೂರು ವರ್ಷಕ್ಕೆ ಮೊದಲೇ ಬಿಟ್ಟರೆ 2 ಲಕ್ಷ ರೂಪಾಯಿ ಕಟ್ಟಬೇಕು ಅನ್ನುವ ಷರತ್ತು ಸರಿಯೇ ಅಂದಿತು. ಅದಕ್ಕೆ ಮೊದಲು ನಮ್ಮ ಕರ್ನಾಟಕ ಹೈಕೋರ್ಟ್ ನೌಕರರ ಪರ ಹೇಳಿತ್ತು, ಆ ತೀರ್ಪು ಅಲ್ಲಿ ನಿಲ್ಲಲಿಲ್ಲ. ಅದು ಸರ್ಕಾರಿ ಬ್ಯಾಂಕು, ಅಧಿಕಾರಿಯ ಹುದ್ದೆ, ನೇಮಕಾತಿಗೆ ಖರ್ಚಾಗಿದ್ದ ದುಡ್ಡಿನ ಮಾತು. ಎಲ್ಲ ಬಾಂಡೂ ಹಾಗೇ ಗೆಲ್ಲುತ್ತದೆ ಅಂತ ಅಲ್ಲ. ಬಾಂಡ್ ತೋರಿಸಿ ನಿಮ್ಮನ್ನು ಕೂಡಿಹಾಕಿ ದುಡಿಸಲು ಯಾರಿಗೂ ಆಗಲ್ಲ. ಆದರೆ ದುಡ್ಡು ಕೇಳಬಹುದು. ಆದ್ದರಿಂದ ಎಷ್ಟು ತಿಂಗಳು, ಎಷ್ಟು ದುಡ್ಡು, ಅವರು ಏನು ತರಬೇತಿ ಕೊಡುತ್ತಾರೆ ಅಂತ ಕೇಳಿ, ಓದಿ, ಆಮೇಲೆ ಸೈನ್ ಹಾಕಿ.

ಅಸಲು ಅಂಕಪಟ್ಟಿ ನಮ್ಮ ಹತ್ತಿರವೇ ಇರಲಿ ಅಂದರೆ ಕೊಡಬೇಡಿ. ತೋರಿಸಿ, ಜೆರಾಕ್ಸ್ ಕೊಟ್ಟು, ವಾಪಸ್ ತನ್ನಿ. ಕೆಲಸ ಕೊಡಿಸುತ್ತೇವೆ, ಡೆಪಾಸಿಟ್ ಕಟ್ಟಿ ಅನ್ನುವವರ ಬಗ್ಗೆ ನಾನೇನೂ ಹೇಳಬೇಕಿಲ್ಲ. ಸಂಬಳ ಕೊಡುವವರು ನಿಮ್ಮ ಹತ್ತಿರ ಯಾಕೆ ದುಡ್ಡು ಕೇಳುತ್ತಾರೆ?

ಕೆಲಸ ಸಿಗುವವರೆಗಿನ ದಿನಗಳ ಬಗ್ಗೆ ಯಾರೂ ಮಾತಾಡಲ್ಲ. ರಿಸಲ್ಟ್ ಬಂದು ಮೂರು ತಿಂಗಳಿಗೆ ಮದುವೆ ಮನೆಗೆ ಹೋಗುವುದೇ ಬೇಡ ಅನ್ನಿಸುತ್ತದೆ. ‘ಮುಂದೆ ಏನಪ್ಪಾ?’ ಅಂತ ಎಲೆ ಮುಂದೆ ಕೂತಾಗಲೂ ಕೇಳುತ್ತಾರೆ. ರಾಜ್ಯ ಸರ್ಕಾರದ ಯುವನಿಧಿ ಇದೆ, ಶಿವಮೊಗ್ಗದಲ್ಲಿ 2024ರ ಜನವರಿ 12ರಂದು ಶುರುವಾದದ್ದು. ಪಾಸಾಗಿ 180 ದಿನ ಆದರೂ ಕೆಲಸ ಸಿಗದಿದ್ದರೆ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500, ಹೆಚ್ಚೆಂದರೆ ಎರಡು ವರ್ಷ. ಮುಂದೆ ಓದುತ್ತಿದ್ದರೆ ಸಿಗಲ್ಲ. ತಗೊಳ್ಳಲು ಸಂಕೋಚ ಬೇಡ, ಇಂಟರ್ವ್ಯೂಗೆ ಓಡಾಡುವ ಬಸ್ ಚಾರ್ಜ್ ಆಗುತ್ತದೆ. ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸು ಹೇಗೂ ಉಚಿತ. ನಾನಾಗಿದ್ದರೆ ಆ ದಿನಗಳಲ್ಲಿ ಊರಿನ ಯಾವುದಾದರೂ ಅಂಗಡಿಯಲ್ಲೋ ಸೊಸೈಟಿಯಲ್ಲೋ ಲೆಕ್ಕ ಬರೆಯುತ್ತಿದ್ದೆ. ಸಂಬಳಕ್ಕಲ್ಲ, ಬೆಳಗ್ಗೆ ಎದ್ದು ಹೋಗಲು ಒಂದು ಜಾಗ ಇರಲಿ ಅಂತ.

ಮಾರ್ಕ್ಸಿನ ವಿಷಯ ಹೇಳದಿದ್ದರೆ ಈ ಮಾತು ಅರ್ಧ ಆಗುತ್ತದೆ. ಕಾಲೇಜಿನಲ್ಲಿ ನೂರಕ್ಕೆ 99 ಬಂದರೆ ಪೇಪರಿನಲ್ಲಿ ಫೋಟೊ. ನಮ್ಮ ಆಫೀಸಿನಲ್ಲಿ ನೂರು ಜನರಲ್ಲಿ 99 ಜನಕ್ಕೆ ಸರಿಯಾಗಿ ಸಂಬಳ ಹಾಕಿ ಒಬ್ಬರಿಗೆ ತಪ್ಪಿದರೆ, ಅವತ್ತು ಇಡೀ ದಿನ ಮಾತಾಡುವುದು ಆ ಒಬ್ಬರ ಬಗ್ಗೆಯೇ. ಆ 99ಕ್ಕೆ ಯಾರೂ ಭೇಷ್ ಅನ್ನಲ್ಲ. ರ‍್ಯಾಂಕ್ ಬಂದ ಮಕ್ಕಳಿಗೆ ಇದು ಬಹಳ ಕಷ್ಟ ಆಗುತ್ತದೆ. ಹದಿನೈದು ವರ್ಷ ಪ್ರತಿ ಆರು ತಿಂಗಳಿಗೊಮ್ಮೆ ನಿನ್ನ ಬೆಲೆ ಇಷ್ಟು ಅಂತ ಅಂಕಿಯಲ್ಲಿ ಹೇಳುತ್ತಿದ್ದರು. ಈಗ ಏಕಾಏಕಿ ಎಲ್ಲ ನಿಶ್ಶಬ್ದ. ಚೆನ್ನಾಗಿ ಮಾಡುತ್ತಿದ್ದೇನಾ ಇಲ್ಲವಾ ಗೊತ್ತೇ ಆಗಲ್ಲ.

ನಮ್ಮಲ್ಲಿಗೆ ಒಬ್ಬಳು ಹುಡುಗಿ ಬಂದಿದ್ದಳು. ಬುದ್ಧಿವಂತೆ. ಎಂಟು ತಿಂಗಳು ಯಾರ ಹತ್ತಿರವೂ ಏನೂ ಕೇಳಲಿಲ್ಲ. ಮ್ಯಾನೇಜರ್ ಮಾತಾಡದೆ ಇರುವುದನ್ನು ನೋಡಿ ತನ್ನ ಕೆಲಸ ಅವರಿಗೆ ಹಿಡಿಸಿಲ್ಲ ಅಂತ ತೀರ್ಮಾನ ಮಾಡಿಕೊಂಡಳು. ರಾಜೀನಾಮೆ ಕೊಟ್ಟಳು. ಕೊನೆಯ ಲೆಕ್ಕಕ್ಕೆ ಅವಳ ಫೈಲು ನನ್ನ ಹತ್ತಿರ ಬಂದಾಗ ಜೊತೆಗೆ ಇನ್ನೊಂದು ಕಾಗದ ಇತ್ತು. ಮುಂದಿನ ತಿಂಗಳಿನಿಂದ ಅವಳಿಗೆ ಸಂಬಳ ಹೆಚ್ಚಿಸಬೇಕು ಅಂತ ಅದೇ ಮ್ಯಾನೇಜರ್ ಬರೆದದ್ದು. ಅಷ್ಟರಲ್ಲಿ ಅವಳು ಬೇರೆ ಕಡೆ ಒಪ್ಪಿಕೊಂಡಾಗಿತ್ತು. ತಪ್ಪು ಬರೀ ಅವಳದ್ದು ಅಂತ ನಾನು ಹೇಳಲ್ಲ. ಹೇಳಬೇಕಾದವರೂ ಹೇಳಲಿಲ್ಲ. ಆದರೆ ಅವರು ಬದಲಾಗಲಿ ಅಂತ ನೀವು ಕಾಯುತ್ತಾ ಕೂರಲು ಆಗಲ್ಲ. ಎರಡು ತಿಂಗಳಿಗೊಮ್ಮೆ ಹತ್ತು ನಿಮಿಷ ಕೇಳಿ ತಗೊಂಡು ‘ಸರ್, ನಾನು ಯಾವುದನ್ನ ಸರಿ ಮಾಡ್ಕೋಬೇಕು?’ ಅಂತ ಕೇಳಿ. ‘ಹೇಗೆ ಮಾಡ್ತಿದೀನಿ?’ ಅಂತ ಕೇಳಿದರೆ ‘ಚೆನ್ನಾಗಿದೆ, ಚೆನ್ನಾಗಿದೆ’ ಅಂದು ಕಳಿಸಿಬಿಡುತ್ತಾರೆ.

ಬಿಡುವುದಾದರೆ ಹೇಳಿ ಬಿಡಿ. ಸಂಬಳ ಬಿದ್ದ ಮರುದಿನ ಫೋನ್ ಸ್ವಿಚ್ ಆಫ್ ಮಾಡಿ ಊರಿಗೆ ಹೋಗಿ ಕೂರುವವರು ಇದ್ದಾರೆ. ಮುಂದಿನ ಕಂಪನಿ ರಿಲೀವಿಂಗ್ ಲೆಟರ್ ಕೇಳಿದಾಗ ಮತ್ತೆ ನನ್ನ ನಂಬರ್ ಹುಡುಕುತ್ತಾರೆ. ನೋಟಿಸ್ ಅವಧಿ ಎಷ್ಟು ಅಂತ ಸೇರುವ ದಿನವೇ ನೋಡಿಕೊಂಡರೆ ಇದೆಲ್ಲ ಇರಲ್ಲ. ಹಾಗೆಯೇ ನೇಮಕಾತಿ ಪತ್ರ ಕೊಡದಿದ್ದರೆ ಬಾಯಿ ಬಿಟ್ಟು ಕೇಳಿ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳಲ್ಲಿ ಅದನ್ನು ಕೊಡಲೇಬೇಕು ಅಂತ ಇದೆ.

ನನ್ನ ಮಾತು ಇಷ್ಟೇ, ಇನ್ನು ನೀವು ಕೇಳಿ ಅಂದೆ. ಎಲ್ಲ ಕಡೆ ಆಗುವ ಹಾಗೆ ಇಲ್ಲೂ ಹಾಲ್ ತಣ್ಣಗಾಯಿತು. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮುಂದಿನ ಸಾಲಿನಲ್ಲಿದ್ದ ಲೆಕ್ಚರರ್ ಹಿಂದೆ ತಿರುಗಿ ‘ಕೇಳ್ರೋ, ಇಷ್ಟೊತ್ತು ಏನು ಕೇಳಿಸಿಕೊಂಡ್ರಿ?’ ಅಂತ ಗದರಿದರು. ಆಮೇಲೆ ಹಿಂದಿನ ಬೆಂಚಿನಿಂದ ಒಬ್ಬಳು ಹುಡುಗಿ ಎದ್ದಳು. ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು.

‘ಮೇಡಂ, ನಿಮ್ಮ ಮೊದಲನೇ ಸಂಬಳ ಎಷ್ಟು?’

ಎಲ್ಲರೂ ನಕ್ಕರು. ‘2,500 ರೂಪಾಯಿ’ ಅಂದೆ.

ಅವಳು ಕೂರಲಿಲ್ಲ. ‘ಲೆಟರಲ್ಲಿ ಇದ್ದಿದ್ದಾ ಮೇಡಂ, ಕೈಗೆ ಬಂದಿದ್ದಾ?’

‘ಕೈಗೆ ಬಂದಿದ್ದಮ್ಮ. ಕವರಿನಲ್ಲಿ ಹಾಕಿ ಕೊಟ್ಟರು. ಲೆಟರ್ ಕೊಡಲೇ ಇಲ್ಲ’ ಅಂದೆ.

‘ನೀವು ಕೇಳಲಿಲ್ವಾ?’ ಅಂದಳು.